ನನ್ನ ಬದಲು ಎಂಜೊ

ಎಂಜೊನ ಕಿವಿಯ ತುದಿ ಇನ್ನೂ ಕೆಂಪಗಿದೆ, ನಿನ್ನೆ ಸಂಜೆ ಸೌನಾದ ಉಗಿಕೋಣೆಯಲ್ಲಿ ಪಂತ ಕಟ್ಟಿ ಮೇಲಿನ ಹಲಗೆಯಲ್ಲೇ ಕೂತಿದ್ದನಲ್ಲ, ಸಿಸಿಲಿಯವನಿಗೆ ನಿಮ್ಮ ಎಸ್ತೋನಿಯದ ಬಿಸಿ ಯಾವ ಲೆಕ್ಕ ಕಣೇ ಲಾಗ್ಲೆ, ಅಂತ ಬಡಾಯಿ ಕೊಚ್ಚಿ ಆಮೇಲೆ ಕಿರುಚುತ್ತ ಸರೋವರಕ್ಕೆ ಹಾರಿದ — ಕಿವಿಯನ್ನೇ ನೋಡುತ್ತಿರಬೇಕು, ಬಾಯನ್ನಲ್ಲ, ಆ ಬಾಯಿಂದ ಬರುತ್ತಿರುವುದು ನನ್ನ ಸಂಶೋಧನೆ. ಸಂಶೋಧನಾ ವಿದ್ಯಾರ್ಥಿಗಳ ಈ ಬೇಸಿಗೆ ಶಾಲೆಯ ಕಟ್ಟಳೆಯೇ ಹಾಗೆ, ನಿನ್ನ ಕೆಲಸವನ್ನು ನಿನ್ನ ಜೊತೆಗಾರ ಹೇಳುತ್ತಾನೆ, ಅವನು ಮುಗಿಸುವವರೆಗೆ ನೀನು ತುಟಿ ಬಿಚ್ಚುವಂತಿಲ್ಲ. ಮೊದಲ ದಿನ ಎಂಥ ನೆಮ್ಮದಿಯಾಗಿತ್ತು, ನಾಲ್ಕು ಜನರೆದುರು ನಿಂತರೆ ತೊದಲುವ ನನಗೆಂದೇ ಮಾಡಿದ ಹಾಗೆ — ಎಷ್ಟು ಚೆನ್ನಾಗಿ ಹೇಳುತ್ತಿದ್ದಾನೆ, ಮುಹು ದ್ವೀಪದ ಪುಟ್ಟ ಶಾಲೆ, ಮಕ್ಕಳ ಮುಂದೆ ಟ್ಯಾಬ್ಲೆಟ್, ಗಣಿತದ ಪುಟ ಎಷ್ಟು ಹೊತ್ತು ತೆರೆದಿತ್ತೋ ಅಷ್ಟು ಹೊತ್ತು ಮಗು ಕಲಿಯಿತು, ಸೋಜಿಗ ನೋಡಿ, ಟೀಚರ್ ಪಕ್ಕದಲ್ಲಿ ಇಲ್ಲದಾಗಲೇ ಹೆಚ್ಚು ಹೊತ್ತು ಕಲಿತಿದ್ದಾರೆ —

ಅಲ್ಲ. ಅಲ್ಲ ಎಂಜೊ. ಇವತ್ತು ಬೆಳಿಗ್ಗೆ ಆ ಶಾಲೆಯ ಹೆಲ್ವೆ ಟೀಚರ್ ಫೋನು ಮಾಡಿದ್ದರು, ನನ್ನನ್ನು ಹರಸುವುದಕ್ಕೆಂದೇ, ಮಾತಿಗೆ ಮಾತು ಬಂದು, ನಾನು ಪಕ್ಕದ ಕೋಣೆಗೆ ಹೋದ್ರೆ ಸಾಕು ಕಣಮ್ಮ, ನಿನ್ನ ಮಹಾ ಪಂಡಿತರು ಕಿಟಕಿ ಹಾರಿ ಕುರಿಮರಿ ನೋಡೋಕೆ ಓಡ್ತಾರೆ, ಟ್ಯಾಬ್ಲೆಟ್ಟು ಹಾಗೇ ಉರೀತಿರತ್ತೆ, ಮುಚ್ಚಬೇಡಿ ಅಂತ ನಾನೇ ಹೇಳಿದೀನಿ, ಮುಚ್ಚಿದ್ರೆ ಪಾಸ್‌ವರ್ಡ್ ಮರೆತು ಅರ್ಧ ಪೀರಿಯಡ್ ಅದಕ್ಕೇ ಹೋಗತ್ತೆ — ನಗುತ್ತಿದ್ದರು, ನಾನೂ ನಕ್ಕೆ, ನಗುತ್ತಿರುವಾಗಲೇ ಕಂಡಿತು, ಖಾಲಿ ಬೆಂಚು, ಅದರ ಮುಂದೆ ಉರಿಯುತ್ತಿರುವ ಪರದೆ. ನಾನು ಅಳೆದದ್ದು ಅದನ್ನು. ಎರಡು ಚಳಿಗಾಲ ಕೂತು ಅಂದವಾದ ಗ್ರಾಫ್ ಬರೆದದ್ದು ಯಾರೂ ಇಲ್ಲದ ಬೆಂಚಿನದು. ಎಂಜೊ, ಒಂದು ಮಾತು, ಅಂತ ಆಗಲೇ ಬಾಗಿಲಲ್ಲಿ ಅವನ ತೋಳು ಹಿಡಿದೆ, ಷ್, ನೀನೀಗ ಮೂಗಿ, ನಿನಗಿಂತ ಚೆನ್ನಾಗಿ ಹೇಳ್ತೀನಿ ನೋಡ್ತಿರು, ಅಂತ ನಕ್ಕು ಒಳಗೆ ನಡೆದ — ಮುಂದಿನ ಸಾಲಿನಲ್ಲಿ ನನ್ನ ಪ್ರೊಫೆಸರ್ ಉರ್ಮೊ ತಲೆದೂಗುತ್ತಿದ್ದಾರೆ, ಪುರಸಭೆಯವರು ಇದಕ್ಕೇ ಕಾಯ್ತಿದಾರೆ ಲಾಗ್ಲೆ, ಇಲ್ಲಿ ಒಪ್ಪಿದ್ರು ಅಂದ್ರೆ ಶರತ್ಕಾಲದಿಂದ ಆ ಶಾಲೆಗೆ ಎರಡನೇ ಟೀಚರ್ ಬೇಕಾಗಿಲ್ಲ, ನಿನ್ನ ಡಾಕ್ಟರೇಟೂ ಆದ ಹಾಗೇ, ಅಂತ ಮೊನ್ನೆಯೇ ಅಂದಿದ್ದರು. ಎರಡನೇ ಟೀಚರ್ ಎಂದರೆ ಹೆಲ್ವೆ. ಅವರಿಗೆ ಗೊತ್ತಿಲ್ಲ, ಗೊತ್ತಿಲ್ಲದೆಯೇ ಹರಸಿದರು, ಎಲ್ಲ ಮುಗಿಸಿ ಬಾ, ಹೊಗೆ ಹಾಕಿದ ಮೀನು ನಿನಗೆ ಅಂತಾನೇ ಎತ್ತಿಡ್ತೀನಿ — ಖಾಲಿ ಬೆಂಚು — ಕೈ ಎತ್ತಬಹುದು, ಕಟ್ಟಳೆ ಮುರಿದರೆ ಯಾರೂ ಹೊಡೆಯುವುದಿಲ್ಲ, ಕೈ ತೊಡೆಯ ಕೆಳಗೆ ಸಿಕ್ಕಿಕೊಂಡಿದೆ, ನಾನೇ ಸಿಕ್ಕಿಸಿಕೊಂಡಿದ್ದೇನೆ, ಅವನು ಮುಗಿಸಲಿ, ಆಮೇಲೆ ಹೇಳುತ್ತೇನೆ, ಆಮೇಲೆ ಖಂಡಿತ —

ಚಪ್ಪಾಳೆ. ಮುಗಿಸಿಬಿಟ್ಟ. ಎಲ್ಲರ ಮುಖ ಇತ್ತ, ಉರ್ಮೊ ಹಿಂದೆ ಹೊರಳಿ, ಈಗ ನೀನು ಮಾತಾಡಬಹುದು ಲಾಗ್ಲೆ, ಏನಾದ್ರೂ ಬಿಟ್ಟುಹೋಗಿದೆಯಾ, ತಪ್ಪಿದೆಯಾ, ಎಂಜೊ ಹುಬ್ಬು ಹಾರಿಸುತ್ತಿದ್ದಾನೆ, ಹೇಗೆ ಎಂಬಂತೆ, ಎಷ್ಟು ಒಳ್ಳೆಯ ಮುಖಗಳು, ಗಂಟಲೊಳಗೆ ಮಾತು ಬಂದಿದೆ, ಬಂದೇ ಬಿಟ್ಟಿದೆ, ಇಲ್ಲ, ಏನೂ ಇಲ್ಲ, ಎಲ್ಲ ಸರಿಯಾಗಿ ಹೇಳಿದ — ಯಾರು ಅಂದದ್ದು, ನನ್ನ ದನಿಯೇ, ಮತ್ತೆ ಚಪ್ಪಾಳೆ, ತೆರೆದ ಕಿಟಕಿ, ಖಾಲಿ ಬೆಂಚು, ಉರಿಯುತ್ತಿರುವ ಪರದೆ, ಖಾಲಿ ಬೆಂಚು, ಪರದೆ