ರುಚಿ ನೋಡದ ಅಡುಗೆಮನೆ

ಜಂಗಮವಾಡಿಯ ಗಲ್ಲಿಯಲ್ಲಿದ್ದ ಆ ಪುಟ್ಟ ಮಠದ ಅಡುಗೆಮನೆಯಲ್ಲಿ ಬಡಿಸುವ ಮುನ್ನ ಯಾರೂ ರುಚಿ ನೋಡುತ್ತಿರಲಿಲ್ಲ. ಲಿಂಗಕ್ಕೆ ಅರ್ಪಿಸದ್ದು ನಾಲಿಗೆಗೆ ತಾಕಬಾರದು. ಉಪ್ಪು, ಖಾರ, ಹುಳಿ ಎಲ್ಲವೂ ಅಡುಗೆಯ ಕೊಟ್ಟೂರಯ್ಯನವರ ಕೈಯಳತೆ.

ಮಠದ ಗುಮಾಸ್ತರ ಮಗಳು ಭವಾನಿ ಆಹಾರಶಾಸ್ತ್ರ ಓದಿದವಳು. ಮಾತು ಕಡಿಮೆ, ಆಡಬೇಕಾದದ್ದೆಲ್ಲ ಡೈರಿ ಸೇರುತ್ತಿತ್ತು. ಮಠದ ಊಟವೆಂದರೆ ಬರೀ ಅನ್ನ, ಆಲೂಗಡ್ಡೆ. ಅಗಸೆ ಸೇರಿದರೆ ನಾರೂ ಒಳ್ಳೆಯ ಕೊಬ್ಬೂ ಸಿಕ್ಕೀತು ಎಂದು ನಾಲ್ಕು ತಿಂಗಳಿಂದ ಬರೆಯುತ್ತಲೇ ಇದ್ದಳು. ಕಡೆಗೆ ಅದನ್ನು ಓದಿದ ತಾಯಿ ಕಮಲಾದೇವಿ ತಾವೇ ಹೋಗಿ ಅಗಸೆ ಚಟ್ನಿಗೆ ಕೊಟ್ಟೂರಯ್ಯನವರನ್ನು ಒಪ್ಪಿಸಿ ಬಂದರು.

"ಒಂದಿನ ನೋಡೂಣು," ಎಂದಿದ್ದರು ಅವರು. "ಎಲಿಯೊಳಗ ಚಟ್ನಿ ಉಳೀತಂದ್ರ ನಿಮ್ಮ ಹುಡುಗಿ ಮತ್ತ ಈ ಒಲಿ ಕಡೆ ಸುಳೀಬಾರದು."

ಭವಾನಿ ಬೆಳಗ್ಗೆ ಬಂದಾಗ ಚಟ್ನಿಪುಡಿ ಆಗಲೇ ಸಿದ್ಧವಾಗಿತ್ತು.

"ಹುರಿಯೋದು, ಕುಟ್ಟೋದು ಯಾಕವ್ವ ತಂಗಿ? ಇಲ್ಲಿ ಬಜಾರದಾಗ ಹಿಂದಿಯೊಳಗ ತೀಸಿ ಹಿಟ್ಟು ಅಂತ ಕೇಳಿದ್ರ ಅಗಸಿ ಹಿಟ್ಟೇ ಕೊಡ್ತಾರ. ನಿಮ್ಮವ್ವ ಬಂದು ಹೇಳಿದಾಗ, ಹ್ವಾದ ತಿಂಗಳೇ ತಂದಿಟ್ಟಿದ್ದೆ," ಎಂದರು ಕೊಟ್ಟೂರಯ್ಯ.

ಅವಳು ಆ ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದಳು. ಹೊಸದಾಗಿ ಬಣ್ಣ ಬಳಿದ ಬಾಗಿಲಿನ ವಾಸನೆ ಮೂಗಿಗೆ ಬಡಿಯಿತು.

"ಇದು ಕಮಟಾಗೇದ್ರಿ ಅಜ್ಜಾರ. ಹಿಟ್ಟು ಮಾಡಿಟ್ರ ಅಗಸಿ ಎಣ್ಣಿ ಲಗೂನ ಕೆಡ್ತದ. ಇದರ ಚಟ್ನಿ ಬಡಿಸಬ್ಯಾಡ್ರಿ."

"ರುಚಿ ನೋಡ್ದ ಹೆಂಗ ಹೇಳ್ತಿ?"

"ನಾಲಗಿಗೆ ಬ್ಯಾಡ ಅಂದಾರ, ಮೂಗಿಗೆ ಅಂದಿಲ್ಲಲ್ರಿ."

ತನ್ನ ದನಿ ಅಷ್ಟು ಗಟ್ಟಿಯಾಗಿದ್ದುದು ಭವಾನಿಗೇ ಹೊಸದು. ಮುದುಕರು ಬಾಗಿ ಮೂಸಿದರು. ಮುಖ ಹುಳ್ಳಗಾಯಿತು.

"ಪೂಜಿ ಮುಗಿಯಾಕ ಅರ್ಧ ತಾಸೈತಿ. ಆಗ್ತದೇನ?"

"ಆಗ್ತದ್ರಿ."

ಗಲ್ಲಿಯ ತುದಿಯ ಅಂಗಡಿಯಿಂದ ಇಡೀ ಕಾಳು ತಂದಳು. ಸಣ್ಣ ಉರಿಯಲ್ಲಿ ಹುರಿಯುತ್ತ ಕಿವಿಗೊಟ್ಟು ನಿಂತಳು. ಚಟಪಟ ಸದ್ದು ಇಳಿಯುತ್ತಿದ್ದಂತೆ ಕಾಳನ್ನು ತಟ್ಟೆಗೆ ಸುರಿದು ಹರಡಿದಳು. ಆರಿದ ಮೇಲೆ ಒಣಮೆಣಸಿನಕಾಯಿ, ಉಪ್ಪು, ಹುಣಸೆ ಸೇರಿಸಿದಳು. ಕೊಟ್ಟೂರಯ್ಯನವರೇ ಒನಕೆ ಹಿಡಿದರು.

"ಇನ್ನೂ ಕುಟ್ರಿ. ಇಡೀ ಕಾಳು ನುಂಗಿದ್ರ ಹೆಂಗ ಹೋತೋ ಹಂಗ ಹೊರಗ ಬರ್ತದ."

"ಏ, ಊಟದ ಹೊತ್ತಿನಾಗ ಎಂಥಾ ಮಾತವ್ವ!" ಎಂದು ನಕ್ಕರೂ ಪೆಟ್ಟು ಜೋರಾಯಿತು.

ಪಂಕ್ತಿ ಕುಳಿತಿತು. ಭವಾನಿ ಬಾಗಿಲ ಮರೆಯಲ್ಲಿ ನಿಂತು ಎಲೆಗಳನ್ನೇ ನೋಡಿದಳು. ಯಾವತ್ತೂ ತಲೆಯೆತ್ತದೆ ಉಣ್ಣುವ ಹಿರಿಯರಾದ ಹಾಲಯ್ಯನವರು ತಲೆಯೆತ್ತಿದರು.

"ಕೊಟ್ಟೂರಯ್ಯ, ಅಗಸಿ ಚಟ್ನಿ ಇನ್ನೊಂದೀಟು ಹಾಕು. ನಮ್ಮವ್ವನ ಕೈದು ಉಂಡಂಗಾತು."

ಯಾವ ಎಲೆಯಲ್ಲೂ ಚಟ್ನಿ ಉಳಿಯಲಿಲ್ಲ. ಕೊಟ್ಟೂರಯ್ಯ ಖಾಲಿ ಪಾತ್ರೆ ತಂದಿಟ್ಟು ಕೇಳಿದರು:

"ನಾಳೆ ಎಷ್ಟಕ್ಕ ಬರ್ತಿ?"

"ಆರಕ್ಕ ಬರ್ತೀನ್ರಿ. ಅಷ್ಟರಾಗ ಆ ಡಬ್ಬಿ ಚೆಲ್ಲಿರ್ರಿ."