ಅತ್ತೆಯ ದವಡೆ ಹಲ್ಲು

ಮಗಳಿಗೆ ಮೆಡಿಕಲ್ ಸೀಟೂ ಸಿಕ್ಕಿತ್ತು, ಡೆಂಟಲ್ ಸೀಟೂ ಸಿಕ್ಕಿತ್ತು. ಯಾವುದು ಬೇಕೆಂದು ಸಂಜೆ ಐದರೊಳಗೆ ತಿಳಿಸಬೇಕಿತ್ತು. ಅವಳ ಮನಸ್ಸು ಡೆಂಟಲ್ ಕಡೆಗೇ ಇತ್ತು. ಯಾಕೆಂದು ಹೇಳಲು ಬೆಳಿಗ್ಗೆಯಿಂದ ಬಾಯಿ ತೆರೆಯುತ್ತಿದ್ದಳು. ನನ್ನ ನಾದಿನಿ ಬಿಟ್ಟರೆ ತಾನೆ?

"ನಮ್ಮ ಹುಡುಗಿ ಹಾರ್ಟ್ ಡಾಕ್ಟರ್ ಅಂದ್ರೆ ಅದರ ಗತ್ತೇ ಬೇರೆ ಕಣೇ. ಕಂಡವರ ಹಲ್ಲು ಉಜ್ಜುತ್ತಾಳೆ ಅಂತ ಹೇಳ್ಕೊಳ್ಳೋಕಾಗತ್ತಾ?"

ಈ ಮನೆಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ನಾದಿನಿಯ ಎದುರು ನಾನು ಒಂದು ಮಾತನ್ನೂ ಪೂರ್ತಿ ಮುಗಿಸಿದವಳಲ್ಲ. ಮಗಳೂ ನನ್ನಂತೆಯೇ ಆದಳಲ್ಲ ಎಂದು ಸಂಕಟವಾಯಿತು.

"ಅತ್ತೆ, ದವಡೆ ಹಲ್ಲು ನೋಯ್ತಿದೆ ಅಂದಿದ್ರಲ್ಲ, ಎಲ್ಲಿ, ಆ ಮಾಡಿ," ಎಂದಳು ಮಗಳು.

ತಮ್ಮ ನೋವನ್ನು ಯಾರಾದರೂ ಕೇಳಿದರೆ ನಾದಿನಿಗೆ ಖುಷಿ. ಬಾಯಿ ಅಗಲಿಸಿದರು. ಮಗಳು ಚಮಚದಲ್ಲಿ ನಾಲಿಗೆ ಒತ್ತಿ ಹಿಡಿದಳು. ನಾನು ಟಾರ್ಚ್ ಬೆಳಕು ಬಿಟ್ಟೆ.

"ನಂಗೆ ಡೆಂಟಲ್ಲೇ ಬೇಕು ಅತ್ತೆ. ಬೇರೆ ಡಾಕ್ಟರಾದ್ರೆ ಪೇಷೆಂಟ್ ಹೇಳಿದ್ದೆಲ್ಲ ಕೇಳ್ತಾ ಕೂರಬೇಕು. ಇಲ್ಲಿ ನಾನು ಮಾತಾಡಬಹುದು."

"ಆಂ... ಆಂ!" ಎಂದರು ನಾದಿನಿ.

"ಅತ್ತೆ ಒಪ್ಪಿದ್ರು," ಎನ್ನುತ್ತ ಮಗಳು ಚಮಚ ತೆಗೆಯಹೋದಳು.

ನಾನು ಅವಳ ಕೈ ಹಿಡಿದೆ. "ಇರೇ, ಆಗಲೇ ತೆಗೀಬೇಡ. ನಂದೂ ಸ್ವಲ್ಪ ಹೇಳೋದಿದೆ."