ಒಂದೂವರೆಯ ಗೆರೆ

ಪಕ್ಷಪಾತಿ ಅನ್ನಿಸಿಕೊಳ್ಳುವುದೆಂದರೆ ಭೌತಶಾಸ್ತ್ರದ ಮೇಷ್ಟ್ರಿಗೆ ಪ್ರಾಣಸಂಕಟ. ಅಕ್ಕನ ಮಗಳು ಅವರ ಮನೆಯಲ್ಲೇ ಇದ್ದುಕೊಂಡು ಅವರದೇ ಕಾಲೇಜಿಗೆ ಸೇರಿದಾಗ ಮೊದಲ ದಿನವೇ ಕಟ್ಟಪ್ಪಣೆಯಾಗಿತ್ತು: ಮನೆಯಲ್ಲಿ ಮಾವ, ಕಾಲೇಜಿನಲ್ಲಿ ಸರ್, ಅಲ್ಲಿ ಎದುರು ಮಾತಾಡಕೂಡದು. ಮನೆಯಲ್ಲಿ ಎಲ್ಲದಕ್ಕೂ ವಾದಕ್ಕೆ ನಿಲ್ಲುವ ಹುಡುಗಿ ಇದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದಳು.

ವಿಜ್ಞಾನ ಪ್ರದರ್ಶನದಲ್ಲಿ ಗೆದ್ದ ಒಬ್ಬರನ್ನು ಬೇಸಿಗೆಯಲ್ಲಿ ವೀಕ್ಷಣಾಲಯಕ್ಕೆ ಕಳಿಸುತ್ತಿದ್ದರು. ಒಂದು ತಿಂಗಳು ಅಲ್ಲಿನ ದೊಡ್ಡ ದೂರದರ್ಶಕದಲ್ಲಿ ನೋಡಬಹುದು. ಹುಡುಗಿಗೆ ಅದೊಂದೇ ಜಪ. ತಾರಸಿಯ ಮೇಲೆ ಚಿಕ್ಕ ದೂರದರ್ಶಕ ಇಟ್ಟುಕೊಂಡು ಗುರು ಗ್ರಹದ ನಾಲ್ಕು ದೊಡ್ಡ ಚಂದ್ರರ ಬೆನ್ನು ಹತ್ತಿದ್ದಳು. ಯಾವ ಚಂದ್ರ ಎಷ್ಟು ದೂರದಲ್ಲಿದೆ, ಒಂದು ಸುತ್ತಿಗೆ ಎಷ್ಟು ಕಾಲ ತೆಗೆದುಕೊಳ್ಳುತ್ತದೆ ಎಂದು ತಾನೇ ಅಳೆದಿದ್ದಳು. ದೂರದ ಚಂದ್ರನ ಸುತ್ತು ನಿಧಾನ. ದೂರ ಹೆಚ್ಚಾದುದಕ್ಕಿಂತ ಕಾಲ ಇನ್ನೂ ಜೋರಾಗಿ ಹೆಚ್ಚುತ್ತದೆ. ಎರಡಕ್ಕೂ ಲಾಗ್ ತೆಗೆದು ಚುಕ್ಕೆ ಇಟ್ಟರೆ ನೇರ ಗೆರೆ ಸಿಗುತ್ತದೆ, ಅದರ ಸ್ಲೋಪು, ಅಂದರೆ ಓರೆಯ ಅಳತೆ, ಒಂದೂವರೆ. ಮೇಷ್ಟ್ರು ಇಷ್ಟು ವರ್ಷ ಈ ಒಂದೂವರೆಯನ್ನೇ ಅರೆದು ಕುಡಿಸಿದ್ದರು. ಗೆರೆ ಎಷ್ಟು ಓರೆಯಾಗಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ ಎಂಬ ಜಂಬ ಬೇರೆ.

ಪ್ರದರ್ಶನದ ದಿನ ಬೆಳಿಗ್ಗೆ ಪ್ರಿನ್ಸಿಪಾಲರ ಜೊತೆ ಅವಳ ಮೇಜಿಗೆ ಬಂದಾಗ ಆ ಜಂಬವೇ ಮುಂದೆ ನಡೆಯಿತು. ಚಾರ್ಟಿನ ಗೆರೆ ತೀರಾ ಮಲಗಿತ್ತು. ಕೆಳಗೆ ಸ್ಲೋಪು ಮೂರರಲ್ಲಿ ಎರಡು ಎಂದು ಬರೆದಿತ್ತು.

"ಒಂದೂವರೆ ಬರೋ ಕಡೆ ಒಂದೂ ಬಂದಿಲ್ವಲ್ಲಮ್ಮ. ನಿನ್ನ ಚಂದ್ರರು ಬೇರೆ ಆಕಾಶದಲ್ಲಿ ಸುತ್ತುತ್ತಾರಾ?"

ಸುತ್ತಲಿದ್ದವರು ಗೊಳ್ಳೆಂದರು. ಹುಡುಗಿ ಬಾಯಿ ತೆರೆದಳು, ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ ತಪ್ಪಾಯಿತು ಸರ್ ಎಂದಳು. ಮೇಷ್ಟ್ರು ಚಾರ್ಟಿನ ಮೇಲೆ ಕೆಂಪು ಗೀಟು ಎಳೆದು ಮುಂದಿನ ಮೇಜಿಗೆ ಹೋದರು. ಸ್ವಂತದವಳೆಂದು ಬಿಡಲಿಲ್ಲ ನೋಡಿ ಎಂದು ಯಾರೋ ಅಂದದ್ದು ಕಿವಿಗೆ ಬಿದ್ದು ಹಿಗ್ಗಿಹೋದರು.

ಮಧ್ಯಾಹ್ನದ ತರಗತಿಯಲ್ಲಿ ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಎಂಥ ತಪ್ಪು ಮಾಡಬಾರದು ಎಂದು ತೋರಿಸಲು ಅವಳ ಚಾರ್ಟನ್ನೇ ತರಿಸಿ ಬೋರ್ಡಿನ ಮೇಲೆ ನಕಲು ಮಾಡತೊಡಗಿದರು. ಅಡ್ಡಗೆರೆಯ ಕೆಳಗೆ ಅವಳು ಬರೆದಂತೆಯೇ 'ಕಾಲ' ಎಂದು ಬರೆದರು. ನಿಂತ ಗೆರೆಯ ಪಕ್ಕದಲ್ಲಿ 'ದೂರ' ಎಂದು ಬರೆಯುವಷ್ಟರಲ್ಲಿ ತಿರುಗಿ ಅವಳ ಚಾರ್ಟನ್ನು ಮತ್ತೆ ನೋಡಿದರು.

ಪುಸ್ತಕದಲ್ಲಿ ದೂರ ಅಡ್ಡಕ್ಕಿರುತ್ತದೆ, ಕಾಲ ನಿಂತ ಗೆರೆಯಲ್ಲಿರುತ್ತದೆ. ಇವಳು ಅದಲುಬದಲು ಮಾಡಿದ್ದಳು, ಅಷ್ಟೆ. ಹಾಗೆ ಮಾಡಿದರೆ ಒಂದೂವರೆ ತಲೆಕೆಳಗಾಗಿ ಮೂರರಲ್ಲಿ ಎರಡು ಆಗಲೇಬೇಕು. ಗೆರೆ ಸರಿಯಾಗಿತ್ತು, ಲೆಕ್ಕ ಸರಿಯಾಗಿತ್ತು. ಮೇಷ್ಟ್ರು ಅಕ್ಷರ ಓದದೆ ಓರೆ ನೋಡಿ ತೀರ್ಪು ಕೊಟ್ಟಿದ್ದರು. ಮೂರನೇ ಬೆಂಚಿನಲ್ಲಿ ಅವಳು ತಲೆ ತಗ್ಗಿಸಿ ಕೂತಿದ್ದಳು. ಮೇಷ್ಟ್ರು ಬೋರ್ಡು ಒರೆಸಿ, ತಲೆನೋವು ಎಂದು ಹೇಳಿ ಹೊರಬಿದ್ದರು.

ಸಂಜೆಯೊಳಗೆ ಪ್ರಿನ್ಸಿಪಾಲರು ಗೆದ್ದವರ ಹೆಸರನ್ನು ವೀಕ್ಷಣಾಲಯಕ್ಕೆ ಕಳಿಸಬೇಕಿತ್ತು. ಮೇಷ್ಟ್ರು ಅವರ ಕೋಣೆಗೆ ಹೋದದ್ದೇನೋ ನಿಜ, ಆದರೆ ಹೇಳಿದ್ದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅಕ್ಷ ಅದಲುಬದಲಾಗಿದ್ದರಿಂದ ಗೊಂದಲವಾಯಿತು, ಉತ್ತರ ಹಾಗೆ ನೋಡಿದರೆ ಸರಿಯೇ, ಹುಡುಗಿ ಆಗಲೇ ಬಾಯಿಬಿಟ್ಟು ಹೇಳಬಹುದಿತ್ತು ಎಂದರು. ಗೊಂದಲ ಯಾರದು ಎಂದು ಮಾತ್ರ ಹೇಳಲಿಲ್ಲ.

ಪ್ರಿನ್ಸಿಪಾಲರು ಹುಡುಗಿಯನ್ನು ಕರೆಸಿದರು. ಇದು ಆಗಲೇ ಗೊತ್ತಿತ್ತೇ, ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಎಂದು ಕೇಳಿದರು. ಅವಳು ಒಂದು ಗಳಿಗೆ ಮಾವನ ಮುಖ ನೋಡಿದಳು. ಆ ಮುಖದಲ್ಲಿ ಏನು ಕಂಡಿತೋ.

"ಗೊತ್ತಿರಲಿಲ್ಲ ಸರ್. ಕೈತಪ್ಪಿ ಹಾಗೆ ಬರೆದುಬಿಟ್ಟಿದ್ದೆ."

ಹಾಗಾದರೆ ಅದೃಷ್ಟದ ಉತ್ತರ ಎಂದು ಪ್ರಿನ್ಸಿಪಾಲರು ಇನ್ನೊಬ್ಬ ವಿದ್ಯಾರ್ಥಿಯ ಹೆಸರು ಬರೆಯಲು ಪೆನ್ನು ತೆಗೆದರು. ಮೇಷ್ಟ್ರಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ನುಂಗಲಿಲ್ಲ.

"ಸುಳ್ಳು ಹೇಳ್ತಿದಾಳೆ ಸರ್," ಎಂದರು. "ಅವಳಿಗೆ ಗೊತ್ತಿತ್ತು. ಗೊತ್ತಾಗದೆ ಹೋಗಿದ್ದು ನನಗೆ. ಚಾರ್ಟು ಓದದೇನೇ ಎಲ್ಲರ ಮುಂದೆ ಅವಳನ್ನ ಆಡಿಕೊಂಡೆ."

ಪೆನ್ನು ನಿಂತಿತು. ಪ್ರಿನ್ಸಿಪಾಲರು ಅವಳ ಹೆಸರೇ ಬರೆದು, ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವವರು ಈಗ ಎಲ್ಲಿದ್ದಾರೆ ಎಂದು ಮೇಷ್ಟ್ರ ಕೈ ಕುಲುಕಿದರು. ಬೆಳಿಗ್ಗೆ ಅಷ್ಟು ಜನ ನಕ್ಕಾಗಲೂ ಅಳದ ಹುಡುಗಿ ಈಗ ಗೋಡೆಗೆ ಮುಖ ಮಾಡಿ ಬಿಕ್ಕುತ್ತಿದ್ದಳು. ಮೇಷ್ಟ್ರಿಗೆ ಅವಳ ಹತ್ತಿರ ಹೋಗುವ ಮುಖವಿರಲಿಲ್ಲ. ಅವಳು ಆ ಸುಳ್ಳು ಹೇಳಿರದಿದ್ದರೆ ತಾನು ನಿಜ ಹೇಳುತ್ತಿರಲಿಲ್ಲ ಎಂಬುದು ಆ ಕೋಣೆಯಲ್ಲಿ ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.